ತುಳಿದರೂ ‘ವಾ’ ಎನ್ನದ ಆರ್ಗನ್

ಪ್ರಶ್ನೆ: ಕಂಪ್ಯೂಟರಿನಲ್ಲಿ ವರ್ಚುವಲ್ ಹ್ಯಾಮಂಡ್ ಆರ್ಗನ್ (ಹಳೆಯ ವಿದ್ಯುತ್ ಆರ್ಗನ್ನಿನ ಸಾಫ್ಟ್‌ವೇರ್ ರೂಪ) ನುಡಿಸುತ್ತೇನೆ. ಮೊದಲ ಮೂರು ಡ್ರಾಬಾರ್‌ಗಳನ್ನು (ದನಿಯ ಪದರಗಳನ್ನು ಬೆರೆಸುವ ಎಳೆಗೋಲುಗಳನ್ನು) ಪೂರ್ತಿ ಎಳೆದು, ಲೆಸ್ಲಿಯ (ತಿರುಗುವ ಸ್ಪೀಕರಿನ) ನಂತರ ವಾ (ತುಳಿದಂತೆ ದನಿಯ ಬಣ್ಣ ಬದಲಿಸುವ ಫಿಲ್ಟರ್), ಅದರ ನಂತರ ಡಿಸ್ಟಾರ್ಷನ್ (ದನಿಯನ್ನು ಒಡೆದು ಒರಟಾಗಿಸುವ ಎಫೆಕ್ಟ್) ಜೋಡಿಸಿದ್ದೇನೆ. ವಾ ಪೆಡಲ್ ತುಳಿದರೆ ದನಿ ಏರಿಳಿಯುತ್ತದೆ, ಅಷ್ಟೇ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದರೆ ಎಲ್ಲವೂ ಕಲಸುಮೇಲೋಗರ. ಬೇರೆ ಪ್ಲಗಿನ್ (ಎಫೆಕ್ಟ್ ಕೊಡುವ ಸಾಫ್ಟ್‌ವೇರ್) ಕೊಳ್ಳಬೇಕೆ?

ಉತ್ತರ: ಬೇಡ. ಪ್ಲಗಿನ್ ಸರಿಯಾಗಿಯೇ ಇದೆ, ವಾ ಮೇಯುವುದಕ್ಕೆ ನೀವು ಏನನ್ನೂ ಹಾಕಿಲ್ಲ. ಹ್ಯಾಮಂಡ್‌ನ ಟೋನ್‌ವೀಲ್‌ಗಳು (ದನಿ ಹುಟ್ಟಿಸುವ ತಿರುಗುಚಕ್ರಗಳು) ಹೊರಡಿಸುವುದು ಬಹುಮಟ್ಟಿಗೆ ಶುದ್ಧ ಸೈನ್ ತರಂಗ, ಅಂದರೆ ಒಂದೇ ಆವರ್ತನದ ದನಿ. ಮಧ್ಯದ ಸಿ ಒತ್ತಿದಾಗ ನಿಮ್ಮ ಮೂರು ಡ್ರಾಬಾರ್‌ಗಳು ಕೊಡುವುದು ಸುಮಾರು 131, 392 ಮತ್ತು 262 ಹರ್ಟ್ಸ್. ವಾ ಫಿಲ್ಟರಿನ ಶಿಖರ (ಅದು ಎತ್ತಿ ಕೇಳಿಸುವ ಆವರ್ತನ) ಓಡಾಡುವುದು ಹೆಚ್ಚುಕಡಿಮೆ 400ರಿಂದ 2,000 ಹರ್ಟ್ಸ್‌ವರೆಗೆ. ಅಲ್ಲಿ ನಿಮ್ಮ ದನಿಯೇ ಇಲ್ಲ! ನಾಲ್ಕು, ಐದು, ಆರನೆಯ ಡ್ರಾಬಾರ್‌ಗಳನ್ನೂ ಎಳೆಯಿರಿ. 523, 784, 1,047 ಹರ್ಟ್ಸ್‌ಗಳು ಸೇರಿಕೊಂಡು ಶಿಖರ ಹಾದುಹೋದಂತೆಲ್ಲ ಒಂದೊಂದಾಗಿ ಎದ್ದು ಕೇಳಿಸುತ್ತವೆ.

ಇನ್ನು ಸರಪಳಿಯ ಕ್ರಮ. ಆರ್ಗನ್, ಡಿಸ್ಟಾರ್ಷನ್, ವಾ, ಕೊನೆಗೆ ಲೆಸ್ಲಿ: ನನ್ನ ಆಯ್ಕೆ ಇದು. ಡಿಸ್ಟಾರ್ಷನ್ ತಾನೇ ಹೊಸ ಹಾರ್ಮೋನಿಕ್ಸ್ (ಮೂಲ ಆವರ್ತನದ ಗುಣಕಗಳು) ಹುಟ್ಟಿಸುವುದರಿಂದ ಅದರ ನಂತರ ಬರುವ ವಾಗೆ ಕೈತುಂಬ ಕೆಲಸ. ಗಿಟಾರಿನವರು ಸಾಮಾನ್ಯವಾಗಿ ವಾವನ್ನು ಮುಂದಿಡುತ್ತಾರೆ. ಆಗ ಶಿಖರದ ಸುತ್ತಲಿನ ಭಾಗವೇ ಹೆಚ್ಚು ಒಡೆಯುತ್ತದೆ. ಅದೂ ಚೆಂದವೇ, ಆದರೆ ಸೈನ್ ತರಂಗಕ್ಕೆ ಅಷ್ಟು ಒಪ್ಪುವುದಿಲ್ಲ. ಲೆಸ್ಲಿಯನ್ನು ಮಾತ್ರ ಮುಂದಿಡಬೇಡಿ. ನಿಜವಾದ ಲೆಸ್ಲಿ 122ರಲ್ಲಿ 40 ವ್ಯಾಟ್‌ನ ಟ್ಯೂಬ್ ಆಂಪ್ಲಿಫೈಯರ್ ಮೊದಲು ಗೊಗ್ಗರಾಗುತ್ತದೆ, ಹಾರ್ನ್ ಮತ್ತು ಡ್ರಮ್ ಆ ದನಿಯನ್ನು ತಿರುಗಿಸುತ್ತವೆ. ತಿರುಗಿದ ದನಿಯನ್ನು ಡಿಸ್ಟಾರ್ಷನ್‌ಗೆ ಕೊಟ್ಟರೆ ಅದರ ಉಬ್ಬರವಿಳಿತವೆಲ್ಲ ಚಪ್ಪಟೆ.

ಅಂದ ಹಾಗೆ, ವಾ ಆರ್ಗನ್ನಿಗೆ ಪರಕೀಯವೇನಲ್ಲ. 1966ರಲ್ಲಿ ಅದನ್ನು ರೂಪಿಸಿದ ಬ್ರಾಡ್ ಪ್ಲಂಕೆಟ್ ಥಾಮಸ್ ಆರ್ಗನ್ ಕಂಪನಿಯ ಎಂಜಿನಿಯರ್, ಮೊದಲ ಮಾದರಿ ಕುಳಿತದ್ದು ಆರ್ಗನ್ನಿನ ವಾಲ್ಯೂಮ್ ಪೆಡಲ್‌ನ ಪೆಟ್ಟಿಗೆಯಲ್ಲಿ. ಡೀಪ್ ಪರ್ಪಲ್‌ನ ಜಾನ್ ಲಾರ್ಡ್ ಹ್ಯಾಮಂಡನ್ನು ಮಾರ್ಷಲ್ ಗಿಟಾರ್ ಆಂಪ್ಲಿಫೈಯರ್‌ಗೆ ಜೋಡಿಸಿ ಗುಡುಗಿಸಿದ್ದಂತೂ ಎಲ್ಲರಿಗೂ ಗೊತ್ತು.

ಕಾರ್ಡ್‌ನ ಗೋಜಲಿಗೆ ಮದ್ದು ಬೆರಳಿನಲ್ಲಿದೆ. ಮೂರು ಡ್ರಾಬಾರ್, ಮೂರು ಸ್ವರ ಎಂದರೆ ಒಂಬತ್ತು ತರಂಗ. ಡಿಸ್ಟಾರ್ಷನ್ ಪ್ರತಿ ಜೋಡಿಯ ಮೊತ್ತ ಮತ್ತು ವ್ಯತ್ಯಾಸದ ಆವರ್ತನಗಳನ್ನೂ ಸೃಷ್ಟಿಸುತ್ತದೆ. ಷಡ್ಜ-ಪಂಚಮಗಳು ಎರಡಕ್ಕೆ ಮೂರರ ಅನುಪಾತದಲ್ಲಿರುವುದರಿಂದ ವ್ಯತ್ಯಾಸವೆಂದು ಹುಟ್ಟುವುದು ಕೆಳಗಿನ ಷಡ್ಜವೇ, ಕೇಳಲು ಹಿತ. ಕೀಬೋರ್ಡಿನ ಅಂತರ ಗಾಂಧಾರವಾದರೋ ಶುದ್ಧ ಶ್ರುತಿಗಿಂತ 14 ಸೆಂಟ್‌ನಷ್ಟು (ಅರ್ಧಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್) ಮೇಲಿದೆ, ಅದು ಹುಟ್ಟಿಸುವ ದನಿಗಳು ಅಪಶ್ರುತಿಯಾಗಿ ಗುರುಗುಟ್ಟುತ್ತವೆ. ಎಡಗೈಗೆ ಷಡ್ಜ-ಪಂಚಮ ಸಾಕು. ಗಾಂಧಾರ ಬೇಕೇಬೇಕೆಂದರೆ ಡ್ರೈವ್ (ಡಿಸ್ಟಾರ್ಷನ್ನಿನ ಪ್ರಮಾಣ) ಇಳಿಸಿ, ಎರಡನೆಯ ಡ್ರಾಬಾರ್ ಒಳಗೆ ತಳ್ಳಿ.

ಪ್ರಶ್ನೆ: ನನ್ನಲ್ಲಿರುವುದು ಒಂದೇ ಪೆಡಲ್. ಆಟೋ ವಾ (ಪೆಡಲ್ ಇಲ್ಲದೆ ತಾನೇ ಓಡಾಡುವ ವಾ) ಸಾಲದೆ?

ಉತ್ತರ: ಸಾಲದು. ಆಟೋ ವಾ ತೆರೆಯುವುದು ಹೊಡೆತದ ಬಲ ನೋಡಿ. ಆರ್ಗನ್ನಿನಲ್ಲಿ ಕೀಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ದನಿ ಅಷ್ಟೇ. ಇರುವ ಪೆಡಲನ್ನು ವಾಗೆ ಕೊಟ್ಟುಬಿಡಿ, ಎಕ್ಸ್‌ಪ್ರೆಷನ್ ಅನ್ನು (ದನಿಯ ಮಟ್ಟದ ಹತೋಟಿಯನ್ನು) ಮಾಡ್ಯುಲೇಷನ್ ವೀಲ್‌ಗೆ (ಕೀಬೋರ್ಡಿನ ಎಡಬದಿಯ ಚಕ್ರಕ್ಕೆ) ವರ್ಗಾಯಿಸಿ. ಎಕ್ಸ್‌ಪ್ರೆಷನ್ ಡಿಸ್ಟಾರ್ಷನ್‌ಗಿಂತ ಮೊದಲೇ ಇರಲಿ. ಎಡಗೈಯಲ್ಲೇ ಗೊಗ್ಗರುತನ ಹೆಚ್ಚುಕಡಿಮೆ ಮಾಡಬಹುದು.