ಇಶ್ವಾಲ್ ಲೇಖನ: ಕಥಾಸಾರ ಬಿಡಿ, ದೃಶ್ಯ ಹಿಡಿಯಿರಿ

ನಮಸ್ಕಾರ.

‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎಂಬ ಜಪಾನೀ ಅನಿಮೆಯಲ್ಲಿ (ಅನಿಮೇಷನ್ ಸರಣಿ), ಅಮೆಸ್ಟ್ರಿಸ್ ದೇಶದ ಸೇನೆಯ ನರಮೇಧಕ್ಕೆ ತುತ್ತಾದ ಇಶ್ವಾಲ್ ಜನರ ಚಿತ್ರಣದ ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ವಿಷಯ ಗಟ್ಟಿಯಾಗಿದೆ, ತಿದ್ದಿ ಕಳಿಸಬೇಕೆಂಬುದು ನಮ್ಮ ಆಸೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ದೊಡ್ಡ ದೋಷವೆಂದರೆ, ಎರಡು ಸರಣಿಗಳನ್ನು ಬೆರೆಸಿಬಿಟ್ಟಿದ್ದೀರಿ. 2003ರ ಸರಣಿ 51 ಕಂತಿನದು. ಹಿರೊಮು ಅರಕಾವಾ ಅವರ ಮೂಲ ಮಾಂಗಾ (ಜಪಾನೀ ಚಿತ್ರಕಥೆ) ಆಗಿನ್ನೂ ಮುಗಿದಿರಲಿಲ್ಲವಾದ್ದರಿಂದ ಅದು ನಡುವೆ ಬೇರೆ ದಾರಿ ಹಿಡಿಯಿತು. 2009ರಲ್ಲಿ ಶುರುವಾದ 64 ಕಂತಿನ ‘ಬ್ರದರ್‌ಹುಡ್’ ಮಾಂಗಾವನ್ನು ಅನುಸರಿಸುತ್ತದೆ. ಕಥಾನಾಯಕ ಎಡ್ವರ್ಡ್‌ನ ಗೆಳತಿ ವಿನ್ರಿಯ ತಂದೆತಾಯಿ ಇಶ್ವಾಲ್ ಗಾಯಾಳುಗಳಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು. ಅವರು ಮೊದಲನೆಯದರಲ್ಲಿ ಸಾಯುವುದು ಮೇಲಿನವರ ಆದೇಶ ಪಾಲಿಸಿದ ಸೇನಾಧಿಕಾರಿ ರಾಯ್ ಮಸ್ಟಾಂಗ್‌ನ ಗುಂಡಿಗೆ. ಎರಡನೆಯದರಲ್ಲಿ ಅವರು ಸಾಯುವುದು ತಾವೇ ಉಳಿಸಿದ ಇಶ್ವಾಲಿ ಸ್ಕಾರ್‌ನ ಕೈಯಲ್ಲಿ. ಕೊಂದವನು ಸೈನಿಕನಾದರೆ ಪ್ರಶ್ನೆ ಪ್ರಭುತ್ವದ್ದು. ಕೊಂದವನು ಬದುಕುಳಿದ ಇಶ್ವಾಲಿಯಾದರೆ ಅದು ಸೇಡಿನ ಪ್ರಶ್ನೆಯಾಗುತ್ತದೆ, ತಪ್ಪಿನ ಒಂದು ಪಾಲು ಸಂತ್ರಸ್ತರ ಹೆಗಲಿಗೂ ಬರುತ್ತದೆ. ಇಡೀ ಲೇಖನ ನಿಲ್ಲಬೇಕಾದ ಈ ಜಾಗವನ್ನು ನೀವು ಒಂದೇ ವಾಕ್ಯದಲ್ಲಿ ದಾಟಿದ್ದೀರಿ.

ಅರ್ಧ ಲೇಖನ ಕಥಾಸಾರಕ್ಕೇ ಹೋಗಿದೆ. ಅದನ್ನು ಐದು ವಾಕ್ಯಕ್ಕೆ ಇಳಿಸಿ, ಉಳಿದ ಜಾಗವನ್ನು ‘ಬ್ರದರ್‌ಹುಡ್’ನ 30ನೇ ಕಂತಿಗೆ ಕೊಡಿ. ಎರಡು ಸಲ ನೋಡಿ, ಎರಡನೇ ಸಲ ಧ್ವನಿ ತೆಗೆದು. ಯಾರ ಮುಖ ಹತ್ತಿರದಿಂದ ಕಾಣುತ್ತದೆ, ಯಾರು ಗುಂಪಾಗಿ ಮಾತ್ರ ಕಾಣುತ್ತಾರೆ ಎಂದು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಇಶ್ವಾಲ್ ನರಮೇಧವನ್ನು ಅಲ್ಲಿ ಎಡ್ವರ್ಡ್‌ಗೆ ವಿವರಿಸುವವಳು ಹಾಕ್‌ಐ, ಅಂದರೆ ಕೊಂದ ಸೇನೆಯ ಬಂದೂಕುಧಾರಿ. ಪ್ರಾತಿನಿಧ್ಯದ ಚರ್ಚೆ ಶುರುವಾಗಬೇಕಾದದ್ದು ಇಲ್ಲಿಂದಲೇ.

ಎನ್ವಿಯ ಸಂಗತಿಯನ್ನು ನೀವು ಮುಟ್ಟಿಯೇ ಇಲ್ಲ. ಯುದ್ಧಕ್ಕೆ ಕಿಡಿಯಾದದ್ದು ಇಶ್ವಾಲ್ ಮಗುವೊಂದರ ಕೊಲೆ. ಸೈನಿಕನ ವೇಷದಲ್ಲಿ ಗುಂಡು ಹಾರಿಸಿದ್ದು ಎನ್ವಿ ಎಂಬ ಹೋಮಂಕ್ಯುಲಸ್, ಅಂದರೆ ರಸವಿದ್ಯೆಯಿಂದ ಹುಟ್ಟಿದ ಕೃತಕ ಜೀವಿ. ಹಾಗಾದರೆ ಅಮೆಸ್ಟ್ರಿಸ್ ದೇಶದ ಪಾಪ ಹಗುರಾಯಿತೇ? ನಮಗೆ ಹಾಗನ್ನಿಸುವುದಿಲ್ಲ. ಇಶ್ವಾಲಿಗಳ ನಿರ್ನಾಮಕ್ಕೆ ಹೊರಟ 3066ನೇ ಆದೇಶವನ್ನು ಜಾರಿ ಮಾಡಿದವರು ಮನುಷ್ಯರು, ಇಶ್ವಾಲಿಗಳ ಜೀವ ಹಿಂಡಿ ‘ಫಿಲಾಸಫರ್ಸ್ ಸ್ಟೋನ್’ ಎಂಬ ಮಾಂತ್ರಿಕ ಕಲ್ಲು ಮಾಡಿದ ಸೇನೆಯ ವೈದ್ಯ ಮಾರ್ಕೊ ಕೂಡ ಮನುಷ್ಯನೇ. ನಿಮಗೆ ಬೇರೆ ಅಭಿಪ್ರಾಯವಿದ್ದರೆ ವಾದಿಸಿ, ಆದರೆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬೇಡಿ.

ಮೇಜರ್ ಮೈಲ್ಸ್‌ನನ್ನು ‘ಸೌಹಾರ್ದದ ಸಂಕೇತ’ ಎಂದು ಕರೆದು ಮುಗಿಸಿದ್ದೀರಿ. ಇಶ್ವಾಲಿ ಮೂಲದವನಾಗಿಯೂ ತನ್ನವರನ್ನು ಕೊಂದ ಸೇನೆಯಲ್ಲೇ ಉಳಿದವನು ಅವನು, ಇಶ್ವಾಲಿಗಳ ಗುರುತಾದ ಕೆಂಪು ಕಣ್ಣುಗಳ ಮೇಲೆ ಕಪ್ಪು ಕನ್ನಡಕ ಹಾಕಿದವನು. ಕೊನೆಗೆ ಇಶ್ವಾಲ್ ಪುನರ್ನಿರ್ಮಾಣಕ್ಕೆ ಸ್ಕಾರ್‌ನನ್ನು ಕರೆಯುವವನೂ ಅವನೇ. ಆ ಪುನರ್ನಿರ್ಮಾಣ ಯಾರ ಅಧಿಕಾರದಡಿ ನಡೆಯುತ್ತದೆ ಎಂದು ಕೇಳಿ.

‘ಇದು ಐನು ಜನರದ್ದೇ ಕಥೆ’ ಎಂಬ ಸಾಲನ್ನು ತೆಗೆಯಿರಿ. ಅರಕಾವಾ ಜಪಾನಿನ ಮೂಲನಿವಾಸಿ ಐನುಗಳ ನೆಲವಾದ ಹೊಕ್ಕೈಡೊದವರಾದ್ದರಿಂದ ಹೋಲಿಕೆ ಅಸಂಗತವಲ್ಲ. ಆದರೆ ಐನುಗಳನ್ನು ವ್ಯವಸಾಯಕ್ಕೆ, ಜಪಾನೀ ಶಿಕ್ಷಣಕ್ಕೆ ಒಗ್ಗಿಸಿ ಕರಗಿಸಲು ಹೊರಟದ್ದು 1899ರ ‘ರಕ್ಷಣಾ’ ಕಾಯ್ದೆ, ಅದು ರದ್ದಾದದ್ದು 1997ರಲ್ಲಿ. ಇಶ್ವಾಲ್‌ನಲ್ಲಿ ನಡೆದದ್ದು ಸೇನಾ ಆದೇಶದ ನಿರ್ನಾಮ. ಎಲ್ಲಿ ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ ಎಂದು ಎರಡನ್ನೂ ಬರೆಯಿರಿ.

1,200 ಪದ ಮೀರಬೇಡಿ. ಪ್ರತಿ ದೃಶ್ಯಕ್ಕೂ ಸರಣಿಯ ಇಸವಿ, ಕಂತಿನ ಸಂಖ್ಯೆ ಇರಲಿ.