ಆಲ್ಬನಿಗೆ ಹೊರಟ ಓದುಗರಿಗೆ

ನ್ಯೂಜೆರ್ಸಿಯಲ್ಲಿ ನೆಲೆಸಿರುವ, ಬೆಳಗಾವಿ ಕಡೆಯ ಓದುಗರೊಬ್ಬರ ಪತ್ರದ ಸಾರ: "2025ರ ಆಗಸ್ಟ್ 1ರಿಂದ 3ರವರೆಗೆ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ನಡೆಯುವ ಕ್ರಾಸ್‌ಫಿಟ್ ಗೇಮ್ಸ್‌ಗೆ ಟಿಕೆಟ್ ಕೊಂಡಿದ್ದೇನೆ. ಕಣ್ಣಾರೆ ನೋಡುವುದು ಇದೇ ಮೊದಲು. ಓಟ, ಭಾರ ಎತ್ತುವುದು, ಜಿಮ್ನಾಸ್ಟಿಕ್ಸ್ ಎಲ್ಲವನ್ನೂ ಕಲಸಿದ ಈ ಚಿತ್ರಾನ್ನ ಯಾವ ಸೀಮೆಯ ಆಟ ಎಂದು ಸ್ನೇಹಿತರು ನಗುತ್ತಾರೆ. ಕಳೆದ ವರ್ಷ ಸ್ಪರ್ಧಿಯೊಬ್ಬ ಪ್ರಾಣ ಬಿಟ್ಟ ಆಟಕ್ಕಾಗಿ ಹೀಗೆ ಆಸೆಯಿಂದ ಕಾಯುವುದು ಸರಿಯೇ ಎಂದು ನನಗೇ ಒಮ್ಮೊಮ್ಮೆ ಅನ್ನಿಸುತ್ತದೆ. ಅಲ್ಲಿ ಏನನ್ನು ನೋಡಬೇಕು?"

ಮಾನ್ಯರೇ,

ನಿಮ್ಮ ಪತ್ರ ಓದಿ ಮೊದಲು ಆದದ್ದು ಹೊಟ್ಟೆಕಿಚ್ಚು. ನಿಮಗೆ ಕಾರಿನಲ್ಲಿ ಮೂರು ಗಂಟೆಯ ದಾರಿ; ಅಲ್ಲಿ ಸಂಜೆ ಏಳಕ್ಕೆ ಶುರುವಾಗುವುದನ್ನು ನೋಡಲು ಬೆಂಗಳೂರಿನ ನಾನು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಮನೆಯವರ ನಿದ್ದೆ ಕೆಡದಂತೆ ಮೊಬೈಲಿನ ಸದ್ದಡಗಿಸಿ ಕೂರಬೇಕು.

ನಿಮ್ಮ ಸ್ನೇಹಿತರು ಆಡಿದ ಚಿತ್ರಾನ್ನದ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. 2007ರಲ್ಲಿ ಕ್ಯಾಲಿಫೋರ್ನಿಯಾದ ಅರೋಮಾಸ್ ಎಂಬಲ್ಲಿ, ಇದರ ಏರ್ಪಾಡು ಮಾಡಿದ ಡೇವ್ ಕ್ಯಾಸ್ಟ್ರೊ ಅವರ ಕುಟುಂಬದ ಜಮೀನಿನಲ್ಲಿ ಈ ಸ್ಪರ್ಧೆ ಮೊದಲ ಬಾರಿಗೆ ನಡೆದಾಗ, ಒಂದು ಸುತ್ತಿನಲ್ಲಿ ಏನೇನು ಮಾಡಬೇಕೆಂಬುದನ್ನು ಲಾಟರಿ ಎತ್ತುವಂತೆ ಚೆಂಡುಗಳನ್ನು ಎತ್ತಿಯೇ ತೀರ್ಮಾನಿಸಿದ್ದರು. ಗೆದ್ದವರಿಗೆ ಸಿಕ್ಕ ಹಣ 500 ಡಾಲರ್. ಹಣ ಆಮೇಲೆ ನೂರಾರು ಪಟ್ಟು ಬೆಳೆಯಿತು, ಅರ್ಹತೆಯ ಮೊದಲ ಮೆಟ್ಟಿಲಾದ 'ಓಪನ್'ಗೆ 2018ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಆದರೆ ಆ ಚೆಂಡು ಎತ್ತುವ ಬುದ್ಧಿ ಮಾತ್ರ ಬದಲಾಗಿಲ್ಲ. ಏನು ಕಾದಿದೆ ಎಂಬುದು ಸ್ಪರ್ಧಿಗಳಿಗೆ ಪೂರ್ತಿಯಾಗಿ ತಿಳಿಯುವುದು ಬಹುಪಾಲು ಕೊನೆಯ ಗಳಿಗೆಯಲ್ಲಿಯೇ. ಹಾಗಾಗಿ ಇಲ್ಲಿ ಪರೀಕ್ಷೆಗೆ ಒಳಗಾಗುವುದು ಒಬ್ಬರ ಬಲಕ್ಕಿಂತ ಹೆಚ್ಚಾಗಿ ಅವರು ಅಭ್ಯಾಸದಲ್ಲಿ ತಪ್ಪಿಸಿಕೊಂಡು ಬಂದ ಮೂಲೆ.

ರಿಚ್ ಫ್ರೋನಿಂಗ್ ಅವರ ಹಗ್ಗದ ಕಥೆ ಇದಕ್ಕೆ ಸಾಕ್ಷಿ. 2010ರಲ್ಲಿ, ಕ್ಯಾಲಿಫೋರ್ನಿಯಾದ ಕಾರ್ಸನ್‌ನಲ್ಲಿ, ಪ್ರಶಸ್ತಿ ಕೈಗೆಟುಕುವಷ್ಟು ಹತ್ತಿರವಿದ್ದ ಆ ಯುವಕನಿಗೆ ಕೊನೆಯ ಸುತ್ತಿನಲ್ಲಿ ಹಗ್ಗ ಹತ್ತುವ ಕೆಲಸ ಬಂತು. ಪಾದಗಳ ನಡುವೆ ಹಗ್ಗವನ್ನು ಸಿಕ್ಕಿಸಿ ಮೈಭಾರವನ್ನು ಕಾಲಿಗೆ ಬಿಡುವ ಉಪಾಯ ಆತನಿಗೆ ಗೊತ್ತಿರಲಿಲ್ಲ. ಬರೀ ತೋಳಬಲದಿಂದ ಹತ್ತಿದ, ತೋಳು ಸೋತಿತು, ಜಾರಿ ಬಿದ್ದ. ನಮ್ಮ ಕಡೆ ತೆಂಗಿನಮರ ಹತ್ತುವ ಯಾವ ಹುಡುಗನಾದರೂ ಹೇಳಿಕೊಡಬಹುದಾಗಿದ್ದ ಸಂಗತಿ! ಆ ವರ್ಷ ಎರಡನೆಯ ಸ್ಥಾನಕ್ಕೆ ನಿಂತ ಆತ ಹಗ್ಗ ಹತ್ತುವುದನ್ನು ಕಲಿತು ಬಂದು, 2011ರಿಂದ 2014ರವರೆಗೆ ಸತತ ನಾಲ್ಕು ಬಾರಿ ಗೆದ್ದರು.

ಇದನ್ನೇ ಇನ್ನೊಂದು ಬದಿಯಿಂದ ನೋಡುವುದಾದರೆ, ಆಸ್ಟ್ರೇಲಿಯಾದ ಟಿಯಾ ಕ್ಲೇರ್ ಟೂಮಿ 2016ರ ರಿಯೊ ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್‌ನಲ್ಲಿ, 58 ಕಿಲೊ ವಿಭಾಗದಲ್ಲಿ, ಹದಿನಾಲ್ಕನೆಯವರಾಗಿದ್ದರು. ಅದೇ ಟೂಮಿ ಇಲ್ಲಿ 2017ರಿಂದ 2022ರವರೆಗೆ ಒಮ್ಮೆಯೂ ಸೋಲದೆ, 2023ರಲ್ಲಿ ತಾಯಿಯಾಗಿ, 2024ರಲ್ಲಿ ಮರಳಿ ಬಂದು ಏಳನೆಯ ಬಾರಿ ಗೆದ್ದಿದ್ದಾರೆ. ಆಲ್ಬನಿಯಲ್ಲಿ ಎಂಟನೆಯದಕ್ಕೆ ನಿಲ್ಲುತ್ತಾರೆ. ನೀವು ಕೊಂಡ ಟಿಕೆಟ್ಟಿನ ಬೆಲೆ ಅವರೊಬ್ಬರನ್ನು ನೋಡಿದರೂ ಸಂದಂತೆಯೇ.

ಏನನ್ನು ನೋಡಬೇಕೆಂದು ಕೇಳಿದ್ದೀರಿ. ಎಲ್ಲರಿಗಿಂತ ಮುಂದೆ ಇರುವವರನ್ನು ಕ್ಯಾಮೆರಾ ಹೇಗೂ ತೋರಿಸುತ್ತದೆ, ಅದನ್ನು ಮನೆಯಲ್ಲೇ ನೋಡಬಹುದು. ಅಂಕಣದ ಬದಿಯಲ್ಲಿ ಕುಳಿತ ನೀವು ಆರನೆಯ, ಏಳನೆಯ ಸ್ಥಾನಕ್ಕಾಗಿ ಹೆಣಗುವವರನ್ನು ಗಮನಿಸಿ. ಒಂದು ಸುತ್ತಿನಲ್ಲಿ ಮೊದಲು ಬಂದವರಿಗೆ 100 ಅಂಕ, ಆಮೇಲೆ ಸ್ಥಾನಕ್ಕೆ ತಕ್ಕಂತೆ ಇಳಿಕೆ; ಎಲ್ಲ ಸುತ್ತುಗಳ ಮೊತ್ತವೇ ಅಂತಿಮ. ಆದ್ದರಿಂದ ಎರಡು ಸುತ್ತು ಗೆದ್ದು ಒಂದರಲ್ಲಿ ಇಪ್ಪತ್ತೈದನೆಯವರಾದವರಿಗಿಂತ, ಯಾವುದನ್ನೂ ಗೆಲ್ಲದೆ ಎಲ್ಲದರಲ್ಲೂ ನಾಲ್ಕೈದನೆಯವರಾಗಿ ಉಳಿದವರು ಮುಂದೆ ಹೋಗುವುದುಂಟು. ಇನ್ನು, ಪ್ರತಿ ಸ್ಪರ್ಧಿಯ ಮುಂದೆ ನಿಂತ ತೀರ್ಪುಗಾರರ ಕೈಯನ್ನೂ ನೋಡಿ. ಬಸ್ಕಿಯಲ್ಲಿ ಸೊಂಟ ಮೊಣಕಾಲಿಗಿಂತ ಕೆಳಗಿಳಿಯದಿದ್ದರೆ ಆ ಕೈ ಅಡ್ಡ ಬೀಸುತ್ತದೆ, 'ನೋ ರೆಪ್', ಮಾಡಿದ್ದು ಲೆಕ್ಕಕ್ಕಿಲ್ಲ. ಆಗ ಸ್ಪರ್ಧಿ ವಾದಕ್ಕೆ ನಿಲ್ಲುತ್ತಾರೋ, ಒಂದು ಉಸಿರು ತೆಗೆದುಕೊಂಡು ಬಾರ್ಬೆಲ್‌ಗೆ ಮರಳುತ್ತಾರೋ ಎಂಬುದರಲ್ಲಿ ಅರ್ಧ ಆಟ ಮುಗಿದಿರುತ್ತದೆ.

ಈಗ ನಿಮ್ಮ ಕಷ್ಟದ ಪ್ರಶ್ನೆ. 2024ರ ಆಗಸ್ಟ್ 8ರಂದು ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ, ಮೊದಲ ಸುತ್ತಿನ ಓಟ ಮುಗಿಸಿ ಕೆರೆಗಿಳಿದ ಸರ್ಬಿಯಾದ ಲಾಜಾರ್ ಜುಕಿಚ್ ಈಜಿನ ಕೊನೆಯ ಹಂತದಲ್ಲಿ ಮುಳುಗಿ ಸತ್ತರು. ಅವರಿಗೆ 28 ವರ್ಷ. ಸ್ಪರ್ಧೆಯನ್ನು ರದ್ದು ಮಾಡದೆ ಮುಂದುವರಿಸಿದ್ದು ತಪ್ಪೆಂದು ನನಗೆ ಅಂದೇ ಅನ್ನಿಸಿತ್ತು, ಇಂದಿಗೂ ಆ ಅಭಿಪ್ರಾಯ ಬದಲಾಗಿಲ್ಲ. ಆದರೆ ದೂರುವ ಮೊದಲು ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. 2015ರಲ್ಲಿ, ಕಾರ್ಸನ್‌ನ ಉರಿಬಿಸಿಲಿನಲ್ಲಿ, 'ಮರ್ಫ್' ಎಂಬ ಸುತ್ತು ನಡೆದಿತ್ತು: ಭಾರದ ಜಾಕೆಟ್ ತೊಟ್ಟು ಒಂದು ಮೈಲಿ ಓಟ, 100 ಪುಲ್-ಅಪ್, 200 ದಂಡ, 300 ಬಸ್ಕಿ, ಮತ್ತೆ ಒಂದು ಮೈಲಿ ಓಟ. ಅಂದು ಸ್ಪರ್ಧಿಗಳು ಕುಸಿದು ಬೀಳುವುದನ್ನು ಕಂಡು 'ಎಂಥ ಛಲ!' ಎಂದು ಉದ್ಗರಿಸಿದವರಲ್ಲಿ ನಾನೂ ಒಬ್ಬ. ಎರಡು ಬಾರಿ ಗೆದ್ದಿದ್ದ ಐಸ್‌ಲ್ಯಾಂಡಿನ ಆನಿ ಥೋರಿಸ್‌ಡೋಟಿರ್ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಆ ಸಲದ ಸ್ಪರ್ಧೆಯನ್ನೇ ಬಿಟ್ಟುಕೊಡಬೇಕಾಯಿತು. ಅದು ಛಲದ ಪ್ರಸಂಗ ಆಗಿರಲಿಲ್ಲ, ಏರ್ಪಾಡಿನ ದೋಷವಾಗಿತ್ತು. ಅದನ್ನು ಶೌರ್ಯವೆಂದು ಹೊಗಳಿದ ನಮ್ಮಂಥ ಪ್ರೇಕ್ಷಕರು ಆ ದೋಷಕ್ಕೆ ನೀರೆರೆದೆವು.

ಆದ್ದರಿಂದ ಕಾಯುವುದರಲ್ಲಿ ತಪ್ಪಿಲ್ಲ, ಯಾವುದಕ್ಕಾಗಿ ಕಾಯುತ್ತೇವೆ ಎಂಬುದು ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಸ್ನ್ಯಾಚ್‌ನಲ್ಲಿ ಬಾರ್ಬೆಲ್ ನೆಲದಿಂದ ತಲೆಯ ಮೇಲಕ್ಕೆ ಒಂದೇ ಎಳೆತದಲ್ಲಿ ಹೋಗುವಾಗಿನ ಚೊಕ್ಕತನಕ್ಕೆ ಮನಸಾರೆ ಕಾಯಿರಿ. ಯಾರಾದರೂ ತತ್ತರಿಸಿದಾಗ ವೈದ್ಯರು ನಡುವೆ ಬಂದು ಸ್ಪರ್ಧೆಯಿಂದ ಹೊರಗೆ ಕರೆದೊಯ್ದರೆ, ಸುತ್ತಲಿನವರು ಗೊಣಗಿದರೂ, ನಿಮ್ಮ ಚಪ್ಪಾಳೆ ಆ ವೈದ್ಯರಿಗೂ ಸಲ್ಲಲಿ.

ಮರಳಿದ ಮೇಲೆ ನಾಲ್ಕು ಸಾಲು ಬರೆಯಿರಿ. ಹಗ್ಗ ಇತ್ತೇ, ಇದ್ದರೆ ಯಾರು ಜಾರಿದರು ಎಂಬುದನ್ನು ಮರೆಯದೆ ತಿಳಿಸಿ; ಆ ಹೊತ್ತಿಗೆ ನನಗಿಲ್ಲಿ ನಿದ್ದೆ ಹತ್ತಿಬಿಟ್ಟಿರಬಹುದು.

— ಸಂ.