ಡೈನೋಸಾರ್ ಇತ್ತು ಅಂತ ಸೃಷ್ಟಿವಾದಿಗಳೂ ಒಪ್ಪುತ್ತಾರೆ, ಜಗಳ ಇರುವುದು ವಯಸ್ಸಿನ ಬಗ್ಗೆ

ನೀವು ಕೇಳಿದ್ದು ಇಷ್ಟು: "ಅಮೆರಿಕದ ನನ್ನ ಸಹೋದ್ಯೋಗಿ ಡೈನೋಸಾರ್‌ಗಳು ಮನುಷ್ಯರ ಜೊತೆಗೇ ಬದುಕಿದ್ದವು ಅಂತಾರೆ. ಸೃಷ್ಟಿವಾದಿಗಳು ನಿಜವಾಗಲೂ ಇದನ್ನು ನಂಬ್ತಾರಾ? ಪಳೆಯುಳಿಕೆ ತೋರಿಸಿದರೆ ಏನು ಹೇಳ್ತಾರೆ?"

ನಂಬುತ್ತಾರೆ. ನಿಮ್ಮ ಸಹೋದ್ಯೋಗಿ ತಮಾಷೆ ಮಾಡಿಲ್ಲ. ಇಲ್ಲಿ ಸೃಷ್ಟಿವಾದಿಗಳು ಅಂದರೆ ಬೈಬಲ್‌ನ ಸೃಷ್ಟಿಕತೆ ಅಕ್ಷರಶಃ ನಿಜ ಅನ್ನುವವರು. ನಾನು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇನೆ. ನಮ್ಮ ಪಕ್ಕದ ಮನೆಯವರೇ ಹಾಗೆ ನಂಬುವವರು. ತುಂಬ ಒಳ್ಳೆಯ ಜನ. ಮಕ್ಕಳ ಹುಟ್ಟುಹಬ್ಬಕ್ಕೆ ಬಂದರೆ ಬಿಸಿಬೇಳೆ ಬಾತ್ ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಾರೆ. ಹಾಗಾಗಿ ಈ ವಾದವನ್ನೆಲ್ಲ ನಾನು ಊಟದ ತಟ್ಟೆಯ ಮುಂದೆಯೇ ಕೇಳಿದ್ದೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿ. ಅವರು ಡೈನೋಸಾರ್ ಇರಲೇ ಇಲ್ಲ ಅನ್ನುವುದಿಲ್ಲ. ಬದಲಿಗೆ ಅವರಿಗೆ ಡೈನೋಸಾರ್ ಅಂದರೆ ಬಹಳ ಪ್ರೀತಿ. ಕೆಂಟಕಿಯಲ್ಲಿ 2007ರಲ್ಲಿ ಅವರ ದೊಡ್ಡ ಮ್ಯೂಸಿಯಂ ಶುರುವಾಯಿತು. ಅಲ್ಲಿ ಮಕ್ಕಳ ಬೊಂಬೆಗಳ ಪಕ್ಕದಲ್ಲೇ ಡೈನೋಸಾರ್ ಬೊಂಬೆಗಳಿವೆ. ಅಲೋಸಾರಸ್ ಅನ್ನುವ ಡೈನೋಸಾರ್ ಒಂದರ ನಿಜವಾದ ಮೂಳೆಗಳೂ ಇವೆ. ಅಂದರೆ ಮೂಳೆಯ ಬಗ್ಗೆ ತಕರಾರಿಲ್ಲ, ತಕರಾರೆಲ್ಲ ಅದರ ವಯಸ್ಸಿನ ಬಗ್ಗೆ. ಅವರ ಲೆಕ್ಕದಲ್ಲಿ, ಬೈಬಲ್‌ನ ವಂಶಾವಳಿ ಕೂಡಿಸಿದರೆ ಭೂಮಿಗೆ ಸುಮಾರು 6,000 ವರ್ಷ. ಸೃಷ್ಟಿಯ ಆರನೆಯ ದಿನ ನೆಲದ ಪ್ರಾಣಿಗಳೂ ಮನುಷ್ಯನೂ ಸೃಷ್ಟಿಯಾದರು. ಡೈನೋಸಾರ್ ನೆಲದ ಪ್ರಾಣಿ, ಆದ್ದರಿಂದ ಅದೂ ಅವತ್ತೇ. ಬೈಬಲ್‌ನ ಯೋಬನ ಗ್ರಂಥದಲ್ಲಿ ಬೆಹೆಮೋತ್ ಅನ್ನುವ ಪ್ರಾಣಿ ಬಾಲವನ್ನು ದೇವದಾರು ಮರದ ಹಾಗೆ ಆಡಿಸುತ್ತೆ ಅಂತ ಇದೆಯಲ್ಲ, ಅದೇ ಉದ್ದ ಕತ್ತಿನ ಡೈನೋಸಾರ್ ಅಂತಾರೆ.

ಬೈಬಲ್‌ನಲ್ಲಿ ಜಗತ್ತೆಲ್ಲ ಮುಳುಗಿದ ಜಲಪ್ರಳಯದಿಂದ ನೋಹ ಅನ್ನುವವನು ಪ್ರಾಣಿಗಳನ್ನು ನಾವೆ ಹತ್ತಿಸಿ ಉಳಿಸುತ್ತಾನೆ. ಅಷ್ಟು ದೊಡ್ಡ ಪ್ರಾಣಿ ಆ ನಾವೆಯಲ್ಲಿ ಹೇಗೆ ಹಿಡಿಸಿತು? ಮರಿಗಳನ್ನು ಹತ್ತಿಸಿರಬಹುದು ಅನ್ನುವುದು ಉತ್ತರ. ಅದೇ ಕೆಂಟಕಿಯಲ್ಲಿ 2016ರಲ್ಲಿ 510 ಅಡಿ ಉದ್ದದ ನಾವೆ ಕಟ್ಟಿ, ಒಳಗೆ ಪಂಜರದಲ್ಲಿ ಡೈನೋಸಾರ್‌ಗಳನ್ನೂ ಇಟ್ಟಿದ್ದಾರೆ. ನಾವೆ ಹತ್ತದೆ ಉಳಿದವು ಜಲಪ್ರಳಯದ ಕೆಸರಿನಲ್ಲಿ ಹೂತು ಪಳೆಯುಳಿಕೆಯಾದವು ಅಂತಾರೆ. ಕಲ್ಲಿನ ಪದರಗಳಲ್ಲಿ ಯಾವ ಜೀವಿ ಕೆಳಗೆ, ಯಾವುದು ಮೇಲೆ ಅನ್ನುವ ಒಂದು ಕ್ರಮ ಇದೆಯಲ್ಲ ಅಂದರೆ ಅದಕ್ಕೂ ಉತ್ತರ ಇದೆ: ಸಮುದ್ರದ ತಳದ ಜೀವಿಗಳು ಮೊದಲು ಹೂತವು, ಚುರುಕಾದವು ಗುಡ್ಡ ಹತ್ತಿ ಕೊನೆಗೆ ಮುಳುಗಿದವು. ಕೇಳಲು ಸರಿ ಅನಿಸುತ್ತೆ ಅಲ್ವಾ? ಆದರೆ ಹೂ ಬಿಡುವ ಗಿಡಗಳೂ ಮೇಲಿನ ಪದರಗಳಲ್ಲಿ ಮಾತ್ರ ಸಿಗುತ್ತವೆ. ಅವೂ ಗುಡ್ಡ ಹತ್ತಿ ಓಡಿದವಾ? ಇದನ್ನು ಕೇಳಿದಾಗ ನಮ್ಮ ಪಕ್ಕದ ಮನೆಯವರು ನಕ್ಕು, ಪಲ್ಯದ ಕಡೆ ಮಾತು ತಿರುಗಿಸಿದರು.

ಈಗ ನನ್ನ ಕಣ್ಣಾರೆ ಕಂಡದ್ದು. ಡಲ್ಲಾಸ್‌ನಿಂದ ಕಾರಿನಲ್ಲಿ ಹೊರಟರೆ ಗ್ಲೆನ್ ರೋಸ್ ಅಂತ ಸಣ್ಣ ಊರು. ಅಲ್ಲಿ ಪಲಕ್ಸಿ ಹೊಳೆ. ಹೊಳೆಯ ತಳದ ಸುಣ್ಣಕಲ್ಲಿನ ಮೇಲೆಯೇ ಡೈನೋಸಾರ್ ಹೆಜ್ಜೆಗಳಿವೆ, ಸುಮಾರು 11 ಕೋಟಿ ವರ್ಷ ಹಳೆಯವು. ಮೊಣಕಾಲುದ್ದ ನೀರಿನಲ್ಲಿ ಇಳಿದು, ಕೈಯಲ್ಲಿ ಹೂಳು ಬಳಿದರೆ ಮೂರು ಬೆರಳಿನ ಗುರುತು ಕಾಣುತ್ತೆ. ನನ್ನ ಮಗ ಒಂದರಲ್ಲಿ ಕಾಲಿಟ್ಟ. ಸುತ್ತ ಇನ್ನೂ ಮೂರು ಕಾಲಿಗೆ ಜಾಗ ಇತ್ತು.

ಇದೇ ಹೊಳೆಯಲ್ಲಿ ಡೈನೋಸಾರ್ ಜೊತೆ ಮನುಷ್ಯರ ಹೆಜ್ಜೆಯೂ ಇದೆ ಅನ್ನುವುದು ಸೃಷ್ಟಿವಾದಿಗಳ ದೊಡ್ಡ ಸಾಕ್ಷಿಯಾಗಿತ್ತು. ಅದರ ಕತೆ ಮಜವಾಗಿದೆ. 1930ರ ದಶಕದ ಕಷ್ಟಕಾಲದಲ್ಲಿ ಊರಿನ ಕೆಲವರು ಕಲ್ಲಿನಲ್ಲಿ ದೈತ್ಯ ಮನುಷ್ಯನ ಪಾದ ಕೆತ್ತಿ ಮಾರುತ್ತಿದ್ದರು. ಹೊಟ್ಟೆಪಾಡು, ಬಿಡಿ. ಅಂಥ ಕಲ್ಲು ನೋಡಿಯೇ ರೋಲಂಡ್ ಬರ್ಡ್ ಅನ್ನುವವರು 1938ರಲ್ಲಿ ನ್ಯೂಯಾರ್ಕ್ ಮ್ಯೂಸಿಯಂ ಪರವಾಗಿ ಅಲ್ಲಿಗೆ ಹೋದರು. ಕೆತ್ತಿದ್ದು ನಕಲಿ ಅಂತ ಗೊತ್ತಾಯಿತು. ಆದರೆ ಅಲ್ಲೇ ಅಸಲಿ ಡೈನೋಸಾರ್ ಹೆಜ್ಜೆಗಳ ಸಾಲೂ ಸಿಕ್ಕಿತು.

ಹೊಳೆಯಲ್ಲೇ ಇದ್ದ ಉದ್ದನೆಯ ಗುರುತುಗಳನ್ನು ಮಾತ್ರ ಯಾರೂ ಕೆತ್ತಿರಲಿಲ್ಲ. ಅವು ನೋಡಲು ನಮ್ಮ ಪಾದದ ಹಾಗೇ ಇದ್ದವು. 1980ರ ದಶಕದಲ್ಲಿ ಗ್ಲೆನ್ ಕುಬಾನ್ ಅನ್ನುವವರು ತಾಳ್ಮೆಯಿಂದ ಒಂದೊಂದನ್ನೇ ತೊಳೆದು ಅಳೆದರು. ಡೈನೋಸಾರ್ ಸಾಮಾನ್ಯವಾಗಿ ಕೋಳಿಯ ಹಾಗೆ ಬೆರಳ ಮೇಲೆ ನಡೆಯುತ್ತೆ. ಇಲ್ಲಿ ಕೆಲವು ಹಿಮ್ಮಡಿ ಊರಿ ನಡೆದಿದ್ದವು, ಅದಕ್ಕೇ ಗುರುತು ಉದ್ದವಾಗಿತ್ತು. ಬೆರಳಿನ ಕುಳಿಯಲ್ಲಿ ಬೇರೆ ಮಣ್ಣು ತುಂಬಿ ಗಟ್ಟಿಯಾಗಿತ್ತು, ಹಾಗಾಗಿ ಪಾದ ಮಾತ್ರ ಕಾಣುತ್ತಿತ್ತು. ಚೆನ್ನಾಗಿ ತೊಳೆದರೆ ಮೂರು ಬೆರಳೂ ಬೇರೆ ಬಣ್ಣದಲ್ಲಿ ಎದ್ದು ಕಂಡವು. 1986ರಲ್ಲಿ ಸೃಷ್ಟಿವಾದಿಗಳ ದೊಡ್ಡ ಸಂಶೋಧನಾ ಸಂಸ್ಥೆಯ ಜಾನ್ ಮಾರಿಸ್ ಅವರೇ, ಇದನ್ನು ಇನ್ನು ಸಾಕ್ಷಿಯಾಗಿ ಬಳಸುವುದು ಸರಿಯಲ್ಲ ಅಂತ ಬರೆದರು. ಅದನ್ನು ಮೆಚ್ಚಲೇಬೇಕು. ಆದರೂ ಇವತ್ತಿಗೂ ವಾಟ್ಸಾಪ್‌ನಲ್ಲಿ ಆ ಫೋಟೋ ಬರುತ್ತೆ.

ನನಗೆ ಆ ಹೆಜ್ಜೆಗಳಲ್ಲೇ ಜಾಸ್ತಿ ಕಂಡದ್ದು ಬೇರೆ. ಜಗತ್ತೇ ಮುಳುಗಿದ್ದಾಗ ಇವು ಕೆಸರಿನ ಮೇಲೆ ಆರಾಮಾಗಿ ನಡೆದದ್ದು ಹೇಗೆ? ನೀರು ಏರಿಳಿಯುವಾಗ ಸ್ವಲ್ಪ ಹೊತ್ತು ನೆಲ ಕಂಡಿತ್ತು ಅಂತಾರೆ. ಸರಿ, ಗೂಡುಗಳು? ನಮ್ಮ ನರ್ಮದಾ ಕಣಿವೆಯಲ್ಲಿ, ಮಧ್ಯಪ್ರದೇಶದ ಧಾರ್ ಕಡೆ, 92 ಗೂಡು ಮತ್ತು 256 ಮೊಟ್ಟೆ ಸಿಕ್ಕಿದ್ದನ್ನು ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಪ್ರಳಯದ ನಡುವೆ ಯಾವ ಪ್ರಾಣಿ ಗುಂಡಿ ತೋಡಿ ಮೊಟ್ಟೆ ಇಡುತ್ತೆ ಹೇಳಿ.

ನಿಮ್ಮ ಸಹೋದ್ಯೋಗಿ ಇನ್ನೆರಡು ಮಾತು ಎತ್ತಬಹುದು. ಒಂದು, ಡೈನೋಸಾರ್ ಮೂಳೆಯಲ್ಲಿ ಮೆತ್ತನೆಯ ಅಂಗಾಂಶ ಸಿಕ್ಕಿದೆ ಅಂತ. ಸಿಕ್ಕಿದ್ದು ನಿಜ. ಮೊಂಟಾನಾದ ಟಿ. ರೆಕ್ಸ್ ಮೂಳೆಯಿಂದ ಖನಿಜ ಕರಗಿಸಿದಾಗ ಎಳೆದರೆ ಬಾಗುವ ಎಳೆಗಳು ಉಳಿದವು ಅಂತ ಮೇರಿ ಶ್ವೈಟ್ಜರ್ 2005ರಲ್ಲಿ ತೋರಿಸಿದರು. ರಕ್ತದ ಕಬ್ಬಿಣ ಅದನ್ನು ಕೆಡದಂತೆ ಕಾಪಾಡಿರಬಹುದು ಅನ್ನುವುದು ಅವರ ವಿವರಣೆ. ಅವರು ಸ್ವತಃ ಕ್ರೈಸ್ತ ಭಕ್ತೆ, ಆದರೆ ಮೂಳೆಗೆ 6.8 ಕೋಟಿ ವರ್ಷ ಅನ್ನುವುದರಲ್ಲಿ ಅವರಿಗೆ ಅನುಮಾನವಿಲ್ಲ. ಎರಡನೆಯದು ಕಾರ್ಬನ್ ಡೇಟಿಂಗ್, ಅಂದರೆ ಇಂಗಾಲದಿಂದ ವಯಸ್ಸು ಅಳೆಯುವುದು, ನಂಬಲಾಗದು ಅಂತ. ಡೈನೋಸಾರ್‌ಗೆ ಅದನ್ನು ಬಳಸುವುದೇ ಇಲ್ಲ, ಅದು ಸುಮಾರು 50,000 ವರ್ಷದ ತನಕ ಮಾತ್ರ. ಮೂಳೆಯ ಮೇಲೆ ಕೆಳಗೆ ಇರುವ ಜ್ವಾಲಾಮುಖಿ ಬೂದಿಯ ಪದರಗಳ ವಯಸ್ಸನ್ನು ಅದರಲ್ಲಿರುವ ಆರ್ಗಾನ್ ಅನ್ನುವ ಅನಿಲದಿಂದ ಅಳೆಯುತ್ತಾರೆ.

ಎಲ್ಲ ಕ್ರೈಸ್ತರೂ ಹೀಗೆ ಅಂತಲೂ ತಿಳಿಯಬೇಡಿ. 1824ರಲ್ಲಿ ಮೊಟ್ಟಮೊದಲ ಡೈನೋಸಾರ್‌ಗೆ ಮೆಗಲೋಸಾರಸ್ ಅಂತ ಹೆಸರಿಟ್ಟ ವಿಲಿಯಂ ಬಕ್‌ಲ್ಯಾಂಡ್ ಒಬ್ಬ ಪಾದ್ರಿ. ಜಲಪ್ರಳಯಕ್ಕೆ ಸಾಕ್ಷಿ ಇದೆ ಅಂತ ಪುಸ್ತಕ ಬರೆದಿದ್ದ ಅವರೇ, ಕಲ್ಲು ಬೇರೆ ಹೇಳುತ್ತಿದೆ ಅಂತ ಕಂಡಾಗ ಆ ವಾದ ಬಿಟ್ಟರು. ಭಕ್ತಿಗೂ ಕಲ್ಲಿನ ವಯಸ್ಸಿಗೂ ಜಗಳ ಬೇಕಿಲ್ಲ. ನಮ್ಮಜ್ಜನ ದೇವರ ಪೆಟ್ಟಿಗೆಯ ಸಾಲಿಗ್ರಾಮದಲ್ಲಿ ಸುರುಳಿ ಚಕ್ರ ಇತ್ತು. ಅದು ಅಮೋನೈಟ್, ಡೈನೋಸಾರ್ ಕಾಲದ ಸಮುದ್ರ ಜೀವಿ. ಅಜ್ಜನಿಗೆ ಹೇಳಿದಾಗ "ಹೌದಾ, ಅಷ್ಟು ಹಳೇದಾ" ಅಂದು, ಅದಕ್ಕೆ ಎಂದಿನಂತೆ ಅಭಿಷೇಕ ಮಾಡಿದರು.

ಈ ಕಡೆ ಬಂದರೆ ಗ್ಲೆನ್ ರೋಸ್‌ಗೆ ಹೋಗಿ. ಬೇಸಿಗೆಯ ಕೊನೆಗೆ, ಹೊಳೆ ಬತ್ತಿದಾಗ ಹೋಗಿ. 2022ರ ಬರದಲ್ಲಿ ಅದುವರೆಗೆ ಹೂಳಿನಡಿ ಇದ್ದ ಹೆಜ್ಜೆಗಳೂ ಕಂಡಿದ್ದವು. ಜೊತೆಗೊಂದು ಪೊರಕೆ ಇರಲಿ.